ಹಲ್ಲು ಜಾಗ ಬಿಟ್ಟು ಸರಿಯುವುದೇಕೆ? ಅದಕ್ಕೆ ಏನು ಮಾಡಬಹುದು?

ನವೆಂಬರ್ ಬಂದಿತೆಂದರೆ ನಮ್ಮ ಸದಸ್ಯರಲ್ಲಿ ಹಲವರು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಕೃಷಿ ಮೇಳಕ್ಕೆ ಹೊರಡುವುದು ವಾಡಿಕೆ. ಕಳೆದ ನವೆಂಬರಿನಲ್ಲಿ ನಾವೂ ಐದಾರು ಮಂದಿ ಹೊರಟೆವು. ಸಕಲೇಶಪುರದಲ್ಲಿ ರೈಲು ಹತ್ತಿ, ಯಶವಂತಪುರದಲ್ಲಿ ಇಳಿದು, ಹೆಬ್ಬಾಳದ ಮೇಲೆ ಯಲಹಂಕ ಸೇರಿದೆವು. ನಮ್ಮ ಜೊತೆಗಿದ್ದ ಹಿರಿಯ ಸದಸ್ಯರೊಬ್ಬರ ಮಗ ಯಲಹಂಕದಲ್ಲಿ ಮನೆ ಮಾಡಿದ್ದಾರೆ. ಮೇಳ ನಡೆಯುವ ಜಿ.ಕೆ.ವಿ.ಕೆ. ಆವರಣ ಹೆಬ್ಬಾಳ ಮತ್ತು ಯಲಹಂಕಗಳ ನಡುವೆಯೇ ಇರುವುದರಿಂದ ಎಲ್ಲರೂ ಅಲ್ಲಿಯೇ ತಂಗಿದೆವು.

ಮೇಳದ ವಿಷಯವನ್ನು ಬೇರೆಯಾಗಿ ಬರೆಯುತ್ತೇವೆ. ಈಗ ಬರೆಯುತ್ತಿರುವುದು ಆ ಮನೆಯಲ್ಲಿ ಬೆಳಗಿನ ತಿಂಡಿಯ ಹೊತ್ತಿಗೆ ಬಂದ ಒಂದು ಮಾತನ್ನು ಕುರಿತು.

ತಿಂಡಿಗೆ ಅಕ್ಕಿರೊಟ್ಟಿ. ನಮ್ಮ ಹಿರಿಯರು ರೊಟ್ಟಿಯನ್ನು ಚೂರು ಚೂರು ಮಾಡಿ, ಚಟ್ನಿಯಲ್ಲಿ ನೆನೆಸಿ, ಬಲಗಡೆಯಲ್ಲಿ ಮಾತ್ರ ಅಗಿಯುತ್ತಿದ್ದರು. ಗೋಡೆಯ ಮೇಲೆ ಮಗನ ಘಟಿಕೋತ್ಸವದ ದಿನ ತಂದೆ ಮಗ ಇಬ್ಬರೂ ನಗುತ್ತಾ ನಿಂತ ಫೋಟೋ ಇತ್ತು. ಮಗ ಅದನ್ನು ನೋಡಿ, ತಂದೆಯ ಮುಖವನ್ನು ನೋಡಿ, "ಅಪ್ಪ, ನಿಮ್ಮ ಹಲ್ಲು ಮೊದಲು ಹೀಗಿರಲಿಲ್ಲ" ಎಂದರು. ನಾವೆಲ್ಲ ಫೋಟೋ ನೋಡಿದೆವು. ಮಾತು ನಿಜವಾಗಿತ್ತು. ಫೋಟೋದಲ್ಲಿ ಮೇಲಿನ ಮುಂದಿನ ಎರಡು ಹಲ್ಲು ಒಂದಕ್ಕೊಂದು ತಾಗಿ ನಿಂತಿದ್ದವು. ಈಗ ನಡುವೆ ಬೆಂಕಿಕಡ್ಡಿ ತೂರುವಷ್ಟು ಸಂದಿ. ಕೆಳಗಿನ ಮುಂದಿನ ಹಲ್ಲುಗಳು ಒಂದರ ಮೇಲೊಂದು ಏರಿಕೊಂಡಿದ್ದವು.

"ವಯಸ್ಸಾಯಿತಲ್ಲ ಮಾರಾಯ, 62 ಆಯ್ತು. ಹಲ್ಲು ಇದ್ದಲ್ಲೇ ಇರುತ್ತದೆಯೇ?" ಎಂದು ಹಿರಿಯರು ನಕ್ಕುಬಿಟ್ಟರು. ಮಗ ಬಿಡಲಿಲ್ಲ. ಮರುದಿನ ಅಲ್ಲಿಯೇ ಸಮೀಪದ ಒಂದು ದಂತ ಆಸ್ಪತ್ರೆಗೆ ಕರೆದುಕೊಂಡು ಹೋದರು. ನಾವೂ ಜೊತೆಗೆ ಹೋದೆವು. ಅಲ್ಲಿ ಕೇಳಿ ತಿಳಿದದ್ದನ್ನು, ಬಳಿಕ ಬಲ್ಲವರಿಂದ ವಿಚಾರಿಸಿದ್ದನ್ನು ಸದಸ್ಯ ಬಂಧುಗಳ ಮುಂದೆ ಇಡುತ್ತಿದ್ದೇವೆ. ನಮ್ಮ ಸದಸ್ಯರಲ್ಲಿ ಐವತ್ತು ದಾಟಿದವರೇ ಹೆಚ್ಚು. ಇದು ಒಬ್ಬರ ಮನೆಯ ಕಥೆಯಲ್ಲ.

ಹಲ್ಲು ಗೂಟವಲ್ಲ

ಹಲ್ಲು ಎಂದರೆ ದವಡೆಯ ಮೂಳೆಗೆ ಹೊಡೆದ ಗೂಟ ಎಂದೇ ನಾವು ತಿಳಿದಿದ್ದೆವು. ವೈದ್ಯೆ ಹೇಳಿದ್ದು ಬೇರೆ. ಹಲ್ಲಿನ ಬೇರಿಗೂ ಮೂಳೆಗೂ ನಡುವೆ ನಾರಿನ ಒಂದು ತೆಳು ಪದರ ಇದೆ. ಅದರ ದಪ್ಪ ಸುಮಾರು 0.2 ಮಿ.ಮೀ., ಅಂದರೆ ಒಂದು ಅಂಚೆ ಕಾರ್ಡಿನಷ್ಟು. ಹಲ್ಲು ನಿಂತಿರುವುದು ಈ ನಾರಿನ ಹಿಡಿತದಲ್ಲಿ. ಹಲ್ಲಿನ ಮೇಲೆ ಒಂದು ಕಡೆಯಿಂದ ಒತ್ತಡ ಬಿದ್ದರೆ, ಒತ್ತಿದ ಕಡೆಯ ಮೂಳೆ ಸ್ವಲ್ಪ ಸ್ವಲ್ಪ ಕರಗುತ್ತದೆ. ಎಳೆದ ಕಡೆ ಹೊಸ ಮೂಳೆ ಕಟ್ಟಿಕೊಳ್ಳುತ್ತದೆ. ಹೀಗೆ ಹಲ್ಲು ನಿಧಾನವಾಗಿ ಸರಿಯುತ್ತದೆ. ಈ ಕರಗುವ, ಕಟ್ಟುವ ಕೆಲಸ ಬಾಲ್ಯದಲ್ಲಿ ಮುಗಿಯುವುದಿಲ್ಲ. ಹಲ್ಲು ಇರುವವರೆಗೂ ನಡೆಯುತ್ತದೆ.

ಅಗಿಯುವಾಗ ಬೀಳುವ ಒತ್ತಡ ಬಹಳ ಜೋರಿನದು, ಆದರೆ ಅದು ಕ್ಷಣಮಾತ್ರದ್ದು. ಅದರಿಂದ ಹಲ್ಲು ಸರಿಯುವುದಿಲ್ಲ. ನಾಲಿಗೆ, ತುಟಿ, ಕೆನ್ನೆಗಳ ಒತ್ತಡ ಬಹಳ ಸಣ್ಣದು, ಆದರೆ ಹಗಲೂ ರಾತ್ರಿಯೂ ಇರುವಂಥದು. ಹಲ್ಲನ್ನು ಸರಿಸುವುದು ಇಂಥ ಸಣ್ಣ, ಬಿಡದ ಒತ್ತಡ. ಬೆಳಕಿನ ಕಡೆಗೆ ಅಡಿಕೆ ಮರ ವಾಲುವುದನ್ನು ನಾವು ಯಾರೂ ಕಣ್ಣಾರೆ ಕಾಣುವುದಿಲ್ಲ. ಹತ್ತು ವರ್ಷ ಬಿಟ್ಟು ನೋಡಿದರೆ ಮರ ವಾಲಿರುತ್ತದೆ. ಹಲ್ಲಿನದೂ ಹಾಗೆಯೇ.

ಮೂರು ಬಗೆಯ ಸರಿಯುವಿಕೆ

ಸರಿಯುವುದೆಲ್ಲ ಒಂದೇ ಕಾರಣದಿಂದಲ್ಲ. ಚಿಕಿತ್ಸೆಯೂ ಒಂದೇ ಅಲ್ಲ. ಮೂರನ್ನು ಬೇರೆ ಬೇರೆ ತಿಳಿಯುವುದು ಅವಶ್ಯ.

ಮೊದಲನೆಯದು ವಯಸ್ಸಿನ ಸಹಜ ಸರಿಯುವಿಕೆ. ಪಕ್ಕದ ಹಲ್ಲುಗಳು ಒಂದಕ್ಕೊಂದು ಉಜ್ಜಿ ಬದಿಗಳು ಸ್ವಲ್ಪ ಸವೆಯುತ್ತವೆ, ಹಿಂದಿನ ಹಲ್ಲುಗಳು ಮುಂದಕ್ಕೆ ಜರುಗುತ್ತಾ ಬರುತ್ತವೆ. ಕೆಳದವಡೆಯ ಸಾಲು ವರ್ಷ ಕಳೆದಂತೆ ಕಿರಿದಾಗುತ್ತದೆ. ಅದರಿಂದಾಗಿ ಕೆಳಗಿನ ಮುಂದಿನ ಹಲ್ಲುಗಳು ಒತ್ತಾಗಿ, ಒಂದರ ಮೇಲೊಂದು ಏರುತ್ತವೆ. ಚಿಕ್ಕಂದಿನಲ್ಲಿ ಸಾಲಾಗಿ ಹಲ್ಲಿದ್ದವರಿಗೂ ಇದು ಬರುತ್ತದೆ. ಇದು ರೋಗವಲ್ಲ. ತಲೆಗೂದಲು ನರೆತಂತೆ. ಬುದ್ಧಿಹಲ್ಲು ತಳ್ಳಿದ್ದರಿಂದಲೇ ಹೀಗಾಯಿತೆಂದು ಅನೇಕರು ಹೇಳುವುದುಂಟು. ಅದಕ್ಕೆ ಗಟ್ಟಿಯಾದ ಆಧಾರ ದೊರೆತಿಲ್ಲ. ಮುಂದಿನ ಹಲ್ಲು ಒತ್ತಾಗದಿರಲೆಂದು ಮಾತ್ರ, ಬೇರೆ ತೊಂದರೆಯಿಲ್ಲದ ಬುದ್ಧಿಹಲ್ಲನ್ನು ಕೀಳಿಸುವುದು ಬೇಕಿಲ್ಲ.

ಎರಡನೆಯದು ಖಾಲಿ ಜಾಗದಿಂದ ಬರುವ ಸರಿಯುವಿಕೆ. ಒಂದು ದವಡೆ ಹಲ್ಲು ಕೀಳಿಸಿ ಜಾಗ ಹಾಗೆಯೇ ಬಿಟ್ಟರೆ, ಹಿಂದಿನ ಹಲ್ಲು ಆ ಜಾಗಕ್ಕೆ ವಾಲುತ್ತದೆ. ಎದುರಿನ ಸಾಲಿನ ಹಲ್ಲು ತಾಗಲು ಏನೂ ಇಲ್ಲದೆ ಆ ಸಂದಿಗೆ ಇಳಿಯುತ್ತದೆ ಅಥವಾ ಏರುತ್ತದೆ. ವಾಲಿದ ಹಲ್ಲಿನ ಬುಡದಲ್ಲಿ ಅನ್ನದ ಅಗುಳು ಸಿಕ್ಕಿಕೊಳ್ಳುತ್ತದೆ. ಅಲ್ಲಿ ಹುಳುಕು, ವಸಡಿನ ಬಾವು. ಒಂದು ಹಲ್ಲಿನ ನಷ್ಟ ಹೀಗೆ ಮೂರು ನಾಲ್ಕು ಹಲ್ಲಿಗೆ ಹಬ್ಬುತ್ತದೆ.

ಮೂರನೆಯದು ವಸಡಿನ ರೋಗದಿಂದ ಬರುವುದು. ಎಲ್ಲಕ್ಕಿಂತ ಕೆಟ್ಟದ್ದು ಇದೇ. ಹಲ್ಲಿನ ಬುಡದಲ್ಲಿ ಕಟ್ಟಿದ ಪಾಚಿ ಗಟ್ಟಿಯಾಗಿ ಕಿಟ್ಟವಾಗುತ್ತದೆ, ವಸಡು ಊದಿಕೊಳ್ಳುತ್ತದೆ, ಒಳಗೆ ಬೇರನ್ನು ಹಿಡಿದಿರುವ ಮೂಳೆ ಮತ್ತು ನಾರು ಕರಗುತ್ತಾ ಹೋಗುತ್ತವೆ. ಹಿಡಿತ ಸಡಿಲವಾದ ಮೇಲೆ ನಾಲಿಗೆಯ ಸಣ್ಣ ಒತ್ತಡವೂ ಸಾಕು. ಮೇಲಿನ ಮುಂದಿನ ಹಲ್ಲುಗಳು ಬೀಸಣಿಗೆಯಂತೆ ಬಿಚ್ಚಿ ಮುಂದೆ ಬರುತ್ತವೆ, ನಡುವೆ ಸಂದಿ ಬೀಳುತ್ತದೆ. ಇದರಲ್ಲಿ ನೋವು ಬಹಳ ತಡವಾಗಿ ಬರುತ್ತದೆ. ಆದ್ದರಿಂದಲೇ ಜನ ಇದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿ ಸುಮ್ಮನಿರುತ್ತಾರೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ, ಬೀಡಿ ಸಿಗರೇಟು ಸೇದುವವರಿಗೆ ಇದು ಬೇಗ ಬರುತ್ತದೆ, ಬಂದದ್ದು ಬೇಗ ಹೆಚ್ಚುತ್ತದೆ.

ಇದ್ದಕ್ಕಿದ್ದಂತೆ ಒಂದೆರಡು ವರ್ಷದೊಳಗೆ ಮುಂದಿನ ಹಲ್ಲುಗಳ ನಡುವೆ ಹೊಸದಾಗಿ ಸಂದಿ ಬಿದ್ದಿದ್ದರೆ, ಉಜ್ಜುವಾಗ ರಕ್ತ ಬರುತ್ತಿದ್ದರೆ, ಬೆರಳಿನಿಂದ ತಳ್ಳಿದರೆ ಹಲ್ಲು ಅಲುಗಿದರೆ, ಅದು ವಯಸ್ಸಲ್ಲ, ರೋಗ ಎಂದೇ ತಿಳಿದು ಪರೀಕ್ಷೆ ಮಾಡಿಸಬೇಕು.

"ಕೊಯ್ಲು ಮುಗಿಯಲಿ"

ನಮ್ಮ ಹಿರಿಯರ ಬಾಯಲ್ಲಿ ಮೂರೂ ಇದ್ದವು. ಎಕ್ಸ್-ರೇ ಚಿತ್ರ ನೋಡಿ ವೈದ್ಯೆ, "ಯಜಮಾನರೇ, ಎಡಗಡೆ ಕೆಳಗಿನ ದವಡೆ ಹಲ್ಲು ಯಾವಾಗ ಕೀಳಿಸಿದ್ದು?" ಎಂದು ಕೇಳಿದರು.

ಒಂಬತ್ತು ವರ್ಷದ ಹಿಂದೆ. ಡಿಸೆಂಬರ್ ತಿಂಗಳು, ಅರೇಬಿಕಾ ಕೊಯ್ಲಿನ ನಡುಮಧ್ಯೆ. ಆಳು ಸಿಗದ ಕಾಲ. ನೋವು ತಡೆಯಲಾರದೆ ಪೇಟೆಗೆ ಹೋಗಿ ಕೀಳಿಸಿಕೊಂಡು ಮಧ್ಯಾಹ್ನಕ್ಕೆ ತೋಟಕ್ಕೆ ಹಿಂತಿರುಗಿದ್ದರು. ಆ ಜಾಗಕ್ಕೆ ಹಲ್ಲು ಕಟ್ಟಿಸಿಕೊಳ್ಳಿ ಎಂದು ಆಗಲೇ ಹೇಳಿದ್ದರಂತೆ. "ಕೊಯ್ಲು ಮುಗಿಯಲಿ" ಎಂದುಕೊಂಡರು. ಕೊಯ್ಲು ಮುಗಿದ ಮೇಲೆ ಮರಗಸಿ ಬಂತು, ಆ ಮೇಲೆ ಮಳೆಗಾಲ, ಅಡಿಕೆಗೆ ಔಷಧಿ ಹೊಡೆಯುವುದು, ಮಗಳ ಮದುವೆ. ಒಂಬತ್ತು ಕೊಯ್ಲು ಮುಗಿದವು. ಹಿಂದಿನ ಹಲ್ಲು ಖಾಲಿ ಜಾಗಕ್ಕೆ ಪೂರ್ತಿ ವಾಲಿತ್ತು. ಮೇಲಿನ ಹಲ್ಲು ಕೆಳಗಿಳಿದು ಕೆಳಗಿನ ವಸಡಿಗೆ ತಾಗುತ್ತಿತ್ತು. ಆ ಕಡೆ ಅಗಿಯಲಾಗದೆ ಎಲ್ಲ ಕೆಲಸ ಬಲಗಡೆಗೇ ಬಿದ್ದು, ಅಲ್ಲಿ ಹಲ್ಲು ಸವೆದಿದ್ದವು.

ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು ನಮ್ಮ ಕಡೆ ತಿರುಗಿ, "ತೋಟದಲ್ಲಿ ಒಂದು ಗಿಡ ಸತ್ತರೆ ಮುಂದಿನ ಮಳೆಗೆ ಸಸಿ ಇಡುತ್ತೇನೆ. ಬಾಯಲ್ಲಿ ಒಂಬತ್ತು ವರ್ಷ ಬಿಟ್ಟೆನಲ್ಲ" ಎಂದರು. ಅವರಿಗೆ ಯಾರೂ ಉತ್ತರ ಹೇಳಲಿಲ್ಲ. ನಮ್ಮಲ್ಲಿ ಇನ್ನಿಬ್ಬರ ಬಾಯಲ್ಲೂ ಅಂಥದೇ ಖಾಲಿ ಜಾಗ ಇತ್ತು.

ಕವಳದ ಮಾತು

ವೈದ್ಯೆ ಇನ್ನೊಂದು ಕೆಲಸ ಮಾಡಿದರು. ಹಿರಿಯರ ಬಾಯಿ ಅಗಲಿಸಲು ಹೇಳಿ, ಅವರದೇ ಮೂರು ಬೆರಳನ್ನು ನಿಲುವಾಗಿ ಮೇಲಿನ ಕೆಳಗಿನ ಹಲ್ಲುಗಳ ನಡುವೆ ಇಡಿಸಿದರು. ಮೂರನೆಯ ಬೆರಳು ಹಿಡಿಯಲಿಲ್ಲ. ಕೆನ್ನೆಯ ಒಳಗೆ ಬಿಳಿಚಿಕೊಂಡು ಬಿರುಸಾಗಿತ್ತು. ಖಾರ ತಿಂದರೆ ಉರಿ ಎಂದು ಅವರು ಆ ಮೇಲೆ ಒಪ್ಪಿಕೊಂಡರು. ದಿನಕ್ಕೆ ಹತ್ತು ಹನ್ನೆರಡು ಕವಳ ಹಾಕುವ ಅಭ್ಯಾಸ ನಲವತ್ತು ವರ್ಷದ್ದು.

ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ಇದನ್ನು ಬರೆಯಬೇಕೇ ಎಂದು ನಾವು ಯೋಚಿಸಿದೆವು. ಬರೆಯದಿದ್ದರೆ ಸದಸ್ಯರಿಗೆ ಮಾಡುವ ದ್ರೋಹ ಎನಿಸಿತು. ಗಟ್ಟಿ ಅಡಿಕೆಯನ್ನು ದಿನವೆಲ್ಲ ಅಗಿಯುವುದರಿಂದ ಹಲ್ಲಿನ ಮೇಲ್ಮೈ ಸವೆಯುತ್ತದೆ, ಕೆಲವೊಮ್ಮೆ ಸೀಳುತ್ತದೆ. ಹಲ್ಲಿನ ಬುಡದಲ್ಲಿ ಕಿಟ್ಟ ಕಟ್ಟುತ್ತದೆ, ವಸಡು ಕೆಡುತ್ತದೆ. ಇದಕ್ಕಿಂತ ದೊಡ್ಡ ಅಪಾಯ, ಬಾಯಿಯ ಒಳಪದರ ನಾರುಗಟ್ಟಿ ಬಾಯಿ ತೆರೆಯಲಾಗದಂತಾಗುವ ಕಾಯಿಲೆ. ಇದಕ್ಕೆ ಮುಖ್ಯ ಕಾರಣ ಅಡಿಕೆ ಅಗಿಯುವುದೇ. ಇದು ಮುಂದೆ ಕ್ಯಾನ್ಸರಿಗೆ ತಿರುಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಡಿಕೆಯನ್ನು, ಹೊಗೆಸೊಪ್ಪು ಹಾಕದ ಎಲೆ-ಅಡಿಕೆಯನ್ನೂ ಸೇರಿಸಿ, ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಹೆಚ್ಚು.

ಅಡಿಕೆಯ ಧಾರಣೆ, ಮಾರುಕಟ್ಟೆಗಳ ಬಗ್ಗೆ ಈ ಪತ್ರಿಕೆ ಸದಸ್ಯರ ಪರವಾಗಿ ಬರೆಯುತ್ತಲೇ ಬಂದಿದೆ, ಮುಂದೆಯೂ ಬರೆಯುತ್ತದೆ. ಬೆಳೆಯ ಮಾತು ಒಂದು, ಬೆಳೆದವನ ಬಾಯಿಯ ಮಾತು ಇನ್ನೊಂದು. ಮದುವೆ ಮುಂಜಿಯ ತಾಂಬೂಲದ ಮರ್ಯಾದೆ ತಟ್ಟೆಯಲ್ಲಿಯೇ ಉಳಿದರೆ ಅದಕ್ಕೇನೂ ಕುಂದಿಲ್ಲ. ದಿನನಿತ್ಯದ ಕವಳ ಬಿಡುವುದು ಒಳ್ಳೆಯದೆಂದು ನಮ್ಮ ಸ್ಪಷ್ಟ ಅಭಿಪ್ರಾಯ. ಒಮ್ಮೆ ನಾರುಗಟ್ಟಿದ ಬಾಯಿ ಮೊದಲಿನಂತಾಗುವುದು ಕಷ್ಟ. ಆದರೆ ಬಿಟ್ಟವರಲ್ಲಿ ಕಾಯಿಲೆ ಮುಂದುವರಿಯುವ ಸಂಭವ ಕಡಿಮೆಯಾಗುತ್ತದೆ. ಬಾಯಿ ತೆರೆಯಲಾಗದವರಿಗೆ ಹಲ್ಲಿನ ಯಾವ ಚಿಕಿತ್ಸೆ ಮಾಡುವುದೂ ಕಷ್ಟ ಎಂಬುದನ್ನು ಮರೆಯಬಾರದು.

ಕಾಫಿಯ ವಿಚಾರದಲ್ಲಿ ಅಷ್ಟು ಭಯವಿಲ್ಲ. ಕಾಫಿಯಿಂದ ಹಲ್ಲಿಗೆ ಬಣ್ಣ ಹಿಡಿಯುತ್ತದೆ, ಅಷ್ಟೆ. ಹುಳುಕು ತರುವುದು ಅದಕ್ಕೆ ಹಾಕುವ ಸಕ್ಕರೆ. ವಸಡು ಇಳಿದು ಬೇರು ಹೊರಗೆ ಕಾಣುವ ವಯಸ್ಸಿನಲ್ಲಿ ದಿನಕ್ಕೆ ಆರೇಳು ಸಲ ಸಿಹಿ ಕಾಫಿ ಕುಡಿದರೆ ಬೇರೇ ಹುಳುಕಾಗುತ್ತದೆ. ಸಕ್ಕರೆ ಕಡಿಮೆ ಮಾಡಿ, ಕುಡಿದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸುವುದು ಒಳ್ಳೆಯದು.

ಏನು ಮಾಡಬಹುದು

ಮೊದಲು ವಸಡು, ಆಮೇಲೆ ಸಾಲು. ಇದು ವೈದ್ಯೆ ಮತ್ತೆ ಮತ್ತೆ ಹೇಳಿದ ಮಾತು. ಕೊಳೆರೋಗ ಬಂದ ತೋಟದಲ್ಲಿ ಮೊದಲು ರೋಗ ಹತೋಟಿಗೆ ತರದೆ ಬೇರೆ ಯಾವ ಉಪಚಾರ ಮಾಡಿದರೂ ವ್ಯರ್ಥವಲ್ಲವೇ? ವಸಡಿನ ರೋಗ ಇರುವಾಗಲೇ ತಂತಿ ಕಟ್ಟಿದರೆ ಉಳಿದ ಮೂಳೆಯೂ ಬೇಗ ಕರಗುತ್ತದೆ. ಆದ್ದರಿಂದ ಕಿಟ್ಟ ತೆಗೆಸಿ, ವಸಡು ಗುಣವಾದ ಮೇಲೆಯೇ ಮುಂದಿನ ಕೆಲಸ. ಕಿಟ್ಟ ತೆಗೆಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಭಯ ನಮ್ಮ ಕಡೆ ಬಹಳ ಇದೆ. ಹಲ್ಲನ್ನು ಸಡಿಲ ಮಾಡಿದ್ದು ರೋಗ. ಗಾರೆಯಂತೆ ಸಂದಿಯಲ್ಲಿ ತುಂಬಿದ್ದ ಕಿಟ್ಟ ಹೋದ ಮೇಲೆ ಅದು ಗೊತ್ತಾಗುತ್ತದೆ, ಅಷ್ಟೆ.

ವಯಸ್ಸಾದವರಿಗೂ ತಂತಿ ಕಟ್ಟಿ ಹಲ್ಲು ಸರಿಪಡಿಸಬಹುದೇ? ಸರಿಪಡಿಸಬಹುದು. ವಸಡು ಮತ್ತು ಮೂಳೆ ಆರೋಗ್ಯವಾಗಿದ್ದರೆ ಇದಕ್ಕೆ ವಯಸ್ಸಿನ ಮಿತಿಯಿಲ್ಲ. ಹಲ್ಲು ತಿಂಗಳಿಗೆ ಹೆಚ್ಚು ಕಡಿಮೆ 1 ಮಿ.ಮೀ. ಸರಿಯುತ್ತದೆ. ಆದ್ದರಿಂದ ಕೆಲಸ ತಿಂಗಳುಗಟ್ಟಲೆ, ಕೆಲವರಿಗೆ ಎರಡು ವರ್ಷದವರೆಗೆ ಹಿಡಿಯುತ್ತದೆ. ಈಗ ತಂತಿಯ ಬದಲು ಗಾಜಿನಂತೆ ಪಾರದರ್ಶಕವಾದ ತೆಗೆದು ಹಾಕುವ ಅಚ್ಚುಗಳೂ ಬಂದಿವೆ. ಸಾಲು ಸರಿಯಾದ ಮೇಲೆ ಹಲ್ಲು ಮತ್ತೆ ಹಳೆಯ ಜಾಗಕ್ಕೆ ಮರಳಲು ನೋಡುತ್ತದೆ. ಹಿಡಿದಿಡುವ ಸಾಧನವನ್ನು ರಾತ್ರಿ ಹಾಕಿಕೊಳ್ಳುವುದನ್ನು ಬಿಡಬಾರದು. ಮೊಮ್ಮಕ್ಕಳಿಗೆ ತಂತಿ ಕಟ್ಟಿಸಿದವರೂ ಇದನ್ನು ನೆನಪಿಡಬೇಕು. ತಂತಿ ಬಿಚ್ಚಿದ ದಿನ ಕೆಲಸ ಮುಗಿಯಿತೆಂದು ತಿಳಿದರೆ ಹಾಕಿದ ಹಣ ನೀರಿಗೆ ಹೋದಂತೆ.

ಕೆಳಗಿನ ಹಲ್ಲು ಸ್ವಲ್ಪ ಒತ್ತಾಗಿದೆ, ತೊಂದರೆ ಏನೂ ಇಲ್ಲ, ಚೆನ್ನಾಗಿ ಉಜ್ಜಲು ಬರುತ್ತದೆ ಎಂದಾದರೆ ಏನೂ ಮಾಡದೆ ಇರುವುದೂ ಒಂದು ಸರಿಯಾದ ತೀರ್ಮಾನವೇ. ಚಂದಕ್ಕಾಗಿ ಸಾಲ ಮಾಡಬೇಕಾಗಿಲ್ಲ.

ಖಾಲಿ ಜಾಗಕ್ಕೆ ಮೂರು ದಾರಿ. ತೆಗೆದು ಹಾಕುವ ಹಲ್ಲಿನ ಸೆಟ್ಟು, ಖರ್ಚು ಕಡಿಮೆ. ಅಕ್ಕಪಕ್ಕದ ಹಲ್ಲನ್ನು ಅರೆದು ಅವುಗಳ ಆಧಾರದಲ್ಲಿ ಕೂರಿಸುವ ಸೇತುವೆ. ಮೂಳೆಗೆ ಲೋಹದ ತಿರುಪು ಕೂರಿಸಿ ಅದರ ಮೇಲೆ ಹಲ್ಲು ಕಟ್ಟುವುದು. ಇದಕ್ಕೆ ಖರ್ಚು ಹೆಚ್ಚು, ಸಮಯವೂ ಹಲವು ತಿಂಗಳು ಬೇಕು. ಯಾವುದು ತಮಗೆ ಸರಿ ಎಂಬುದನ್ನು ಮೂಳೆ, ವಸಡು, ಕೈಯಲ್ಲಿನ ಹಣ ಮೂರನ್ನೂ ನೋಡಿ ತೀರ್ಮಾನಿಸಬೇಕು. ಪಕ್ಕದ ಹಲ್ಲು ವಾಲುವ ಮೊದಲೇ ಮಾಡಿಸಿದರೆ ಕೆಲಸವೂ ಸುಲಭ, ಖರ್ಚೂ ಕಡಿಮೆ.

ಒಂದು ಎಚ್ಚರಿಕೆ. ಮುಂದಿನ ಹಲ್ಲಿನ ಸಂದಿ ಮುಚ್ಚಲು ಮನೆಯಲ್ಲೇ ರಬ್ಬರ್ ಬ್ಯಾಂಡ್ ಹಾಕುವವರಿದ್ದಾರೆ. ರಬ್ಬರ್ ವಸಡಿನ ಒಳಗೆ ಜಾರಿ ಬೇರಿನ ಸುತ್ತಲಿನ ಮೂಳೆಯನ್ನು ತಿಂದುಹಾಕುತ್ತದೆ. ಒಳ್ಳೆಯ ಹಲ್ಲುಗಳೇ ಉದುರಿಹೋಗುತ್ತವೆ. ಖಂಡಿತ ಮಾಡಬಾರದು.

ಎಲ್ಲಿಗೆ ಹೋಗಬಹುದು

ಉತ್ತರ ಬೆಂಗಳೂರಿನಲ್ಲಿ ಮಕ್ಕಳ ಮನೆಗೆ ಹೋಗುವ ಸದಸ್ಯರು ಬಹಳ ಇದ್ದಾರೆ. ಅವರ ತಿಳಿವಳಿಕೆಗಾಗಿ ಹೇಳುವುದಾದರೆ, ಯಲಹಂಕದಿಂದ ವಿಮಾನ ನಿಲ್ದಾಣದ ಕಡೆ ಹೋಗುವ ರಸ್ತೆಯ ಹುಣಸಮಾರನಹಳ್ಳಿಯಲ್ಲಿ ಕೃಷ್ಣದೇವರಾಯ ದಂತ ವೈದ್ಯಕೀಯ ಕಾಲೇಜು ಇದೆ. ಯಶವಂತಪುರಕ್ಕೆ ಹತ್ತಿರ, ಮತ್ತಿಕೆರೆ ಬಳಿ ಎಂ.ಎಸ್. ರಾಮಯ್ಯ ಸಂಸ್ಥೆಯ ದಂತ ಕಾಲೇಜು ಇದೆ. ನಗರದ ಒಳಗೆ ವಿಕ್ಟೋರಿಯಾ ಆಸ್ಪತ್ರೆಯ ಬಳಿ ಸರ್ಕಾರಿ ದಂತ ಕಾಲೇಜು ಇದೆ. ಕಾಲೇಜು ಆಸ್ಪತ್ರೆಗಳಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಚಿಕಿತ್ಸೆ ಮಾಡುವುದರಿಂದ ಸಾಮಾನ್ಯವಾಗಿ ಖರ್ಚು ಕಡಿಮೆ, ಸಮಯ ಹೆಚ್ಚು. ಮೊದಲೇ ದರ ವಿಚಾರಿಸಿಕೊಳ್ಳಬೇಕು. ಹಲ್ಲು ಪೂರ್ತಿ ಹೋದ ಬಡ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಕೊಡುವ ದಂತಭಾಗ್ಯ ಯೋಜನೆಯನ್ನು ರಾಜ್ಯ ಸರ್ಕಾರ 2014ರಲ್ಲಿ ಆರಂಭಿಸಿತು. ಈಗಿನ ನಿಯಮಗಳೇನು, ತಮಗೆ ಅನ್ವಯಿಸುತ್ತದೆಯೇ ಎಂಬುದನ್ನು ಪಡಿತರ ಚೀಟಿಯೊಂದಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಬಹುದು. ಹೋಗುವಾಗ ತಾವು ಸೇವಿಸುವ ಮಾತ್ರೆಗಳನ್ನೆಲ್ಲ ಜೊತೆಗೆ ಕೊಂಡೊಯ್ಯಿರಿ. ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಮೂಳೆ ಸವೆತದ ಔಷಧಿ, ಇವನ್ನು ದಂತ ವೈದ್ಯರಿಗೆ ಮೊದಲೇ ತಿಳಿಸುವುದು ಅತ್ಯವಶ್ಯ.

ನೆನಪಿಡಬೇಕಾದದ್ದು

1. ದಿನಕ್ಕೆ ಎರಡು ಸಲ, ಮೆತ್ತನೆಯ ಬ್ರಷ್ಷು ಮತ್ತು ಫ್ಲೋರೈಡ್ ಇರುವ ಪೇಸ್ಟಿನಿಂದ ಎರಡು ನಿಮಿಷ ಉಜ್ಜಬೇಕು. ಉಮಿಕರಿ, ಇದ್ದಿಲು, ಇಟ್ಟಿಗೆ ಪುಡಿ ಬೇಡ. ಹಲ್ಲಿನ ಬುಡ ಸವೆಯುತ್ತದೆ.

2. ರಾತ್ರಿ ಮಲಗುವ ಮೊದಲು ಉಜ್ಜುವುದನ್ನು ತಪ್ಪಿಸಬಾರದು.

3. ವಸಡಿನಲ್ಲಿ ರಕ್ತ ಬಂದರೆ ಉಜ್ಜುವುದನ್ನು ನಿಲ್ಲಿಸಬಾರದು, ವೈದ್ಯರಿಗೆ ತೋರಿಸಬೇಕು.

4. ಕೀಳಿಸಿದ ಹಲ್ಲಿನ ಜಾಗದ ಬಗ್ಗೆ ಆ ದಿನವೇ ಕೇಳಿ ತೀರ್ಮಾನಿಸಬೇಕು.

5. ಕವಳ, ಗುಟ್ಕಾ, ಹೊಗೆಸೊಪ್ಪಿನ ಅಭ್ಯಾಸ ಇದ್ದವರು ತಿಂಗಳಿಗೊಮ್ಮೆ ಮೂರು ಬೆರಳಿನ ಪರೀಕ್ಷೆ ಮಾಡಿಕೊಳ್ಳಬೇಕು. ಬೆರಳು ಹಿಡಿಯದಿದ್ದರೆ, ಬಾಯಲ್ಲಿ ಎರಡು ವಾರ ಕಳೆದರೂ ಮಾಯದ ಹುಣ್ಣಿದ್ದರೆ ತಡಮಾಡದೆ ಹೋಗಬೇಕು.

ನಮ್ಮ ಹಿರಿಯರ ವಿಷಯ ಹೇಳಿ ಮುಗಿಸುತ್ತೇವೆ. ಈ ಸಲ ಅವರು ಕೊಯ್ಲು ಮುಗಿಯಲಿ ಎನ್ನಲಿಲ್ಲ. ಮೇಳ ಮುಗಿದ ಮೇಲೂ ಮಗನ ಮನೆಯಲ್ಲಿ ಉಳಿದು ವಸಡಿನ ಚಿಕಿತ್ಸೆ ಮಾಡಿಸಿಕೊಂಡರು. ವಾಲಿದ ಹಲ್ಲನ್ನೂ ಕೆಳಗಿಳಿದಿದ್ದ ಮೇಲಿನ ಹಲ್ಲನ್ನೂ ಉಳಿಸಲಾಗಲಿಲ್ಲ. ಮುಂದಿನ ಹಲ್ಲುಗಳನ್ನು ಒಳಗಿನಿಂದ ತೆಳು ತಂತಿಯಲ್ಲಿ ಕಟ್ಟಿ ನಿಲ್ಲಿಸಿದ್ದಾರೆ. ಸಂದಿ ಹಾಗೆಯೇ ಇದೆ, ಹಲ್ಲು ಅಲುಗುವುದಿಲ್ಲ. ಎಡಗಡೆಗೆ ತೆಗೆದು ಹಾಕುವ ಸೆಟ್ಟು ಬಂದಿದೆ. ಬಾಯಿಯ ಪರೀಕ್ಷೆಗೆ ಮೂರು ತಿಂಗಳಿಗೊಮ್ಮೆ ಹೋಗುತ್ತಿದ್ದಾರೆ. ಕವಳ ಬಿಟ್ಟು ಆರನೆಯ ತಿಂಗಳು. ಅಡಕೊತ್ತು ಜೇಬಿನಲ್ಲಿ ಇದೆಯಂತೆ, ಅಭ್ಯಾಸಕ್ಕೆ ಕೈ ಹೋಗುತ್ತದಂತೆ, ಆದರೆ ಹೊರಗೆ ತೆಗೆಯುವುದಿಲ್ಲವಂತೆ.

ಮೊನ್ನೆ ಸಂಘದ ಸಭೆಗೆ ಬಂದಿದ್ದರು. ಚಹಾದ ಜೊತೆ ಚಕ್ಕುಲಿ ಇಟ್ಟಿದ್ದರು. ಎಡಗಡೆಯಲ್ಲಿ ಒಂದು ಚೂರು ಅಗಿದು ನಮ್ಮ ಕಡೆ ನೋಡಿದರು. ಆ ದಿನ ಆಸ್ಪತ್ರೆಗೆ ಜೊತೆಗೆ ಬಂದಿದ್ದ, ಬಾಯಲ್ಲಿ ಖಾಲಿ ಜಾಗ ಇದ್ದ ಇಬ್ಬರಲ್ಲಿ ಒಬ್ಬರು ಆಗಲೇ ಹಲ್ಲು ಕಟ್ಟಿಸಿದ್ದಾರೆ. ಇನ್ನೊಬ್ಬರು ಈ ಬರಹ ಬರೆಯುತ್ತಿರುವ ನಾವು. ಬರುವ ವಾರಕ್ಕೆ ದಿನ ಗೊತ್ತುಮಾಡಿಕೊಂಡಿದ್ದೇವೆ.